ಹನ್ನೆರಡು ಟಿಪ್ಪರ್, ಒಂದು ಅಲ್ಲಾಡದ ಮುಳ್ಳು

ಮೂವತ್ತು ವರ್ಷಕ್ಕೂ ಮೇಲೆ ಲಾರಿಗಳ ಮೀಟರ್ ರಿಪೇರಿ ಮಾಡಿದ್ದೇನೆ. ಲಾರಿ ಓಡಿಸಲು ಮಾತ್ರ ಇವತ್ತಿಗೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಮಾಡಿದ ಅತಿ ದೊಡ್ಡ ತಪ್ಪಿಗೆ ಅರ್ಧ ಕಾರಣ ಅದೇ. ಉಳಿದರ್ಧ ನನ್ನ ಜಂಬ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ನಾನು ಓದಿದ ಐಟಿಐನವರು ಕೇಳಿದ್ದಾರೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದೆಸಿದರು ಎಂಬುದೆಲ್ಲ ಅವರಿಗೆ ಬೇಕಿತ್ತೇನೋ. ಶಾಲು ಟ್ರಂಕಿನಲ್ಲಿದೆ, ನುಸಿಗುಳಿಗೆ ಹಾಕಿಟ್ಟಿದ್ದೇನೆ. ಬಡ್ತಿ ಬಂದದ್ದು ನನಗಿಂತ ಮೇಲಿದ್ದವರು ರಿಟೈರ್ ಆದದ್ದರಿಂದ. ಅದರಲ್ಲಿ ನನ್ನ ಪ್ರತಾಪ ಏನೂ ಇಲ್ಲ. ಹಾಗಾಗಿ ಗೇಜಿನ ಕಥೆಯನ್ನೇ ಬರೆಯುತ್ತೇನೆ.

ನನ್ನ ಹೆಸರು ಜಯಲಕ್ಷ್ಮಮ್ಮ, ಊರು ಸಿ.ಎಸ್. ಪುರ. ತುಮಕೂರಿನ ಶಿರಾ ಗೇಟ್ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ಜಲ್ಲಿ ಕಂಪನಿಯ ವರ್ಕ್‌ಶಾಪು, ಅಲ್ಲಿ ನಾನು ಮೀಟರ್ ಮೆಕ್ಯಾನಿಕ್. ಡ್ರೈವರ್‌ಗಳು ಕರೆಯುತ್ತಿದ್ದದ್ದು ಮೀಟ್ರಮ್ಮ ಎಂದು. ಕಂಪನಿಗೆ ಹನ್ನೆರಡು ಟಿಪ್ಪರ್‌ಗಳಿದ್ದವು, ಎಲ್ಲ ಮೂತಿ ಮುಂದಿರುವ ಹಳೇ ಗಾಡಿಗಳು. ಗುಬ್ಬಿ ಕಡೆಗೆ, ಕುಣಿಗಲ್ ಕಡೆಗೆ ರಸ್ತೆ ಕೆಲಸಕ್ಕೆ ಜಲ್ಲಿ ಹೊರುವುದು ಅವುಗಳ ಹಣೆಬರಹ.

ನಮ್ಮ ಮ್ಯಾನೇಜರು ಶಿವನಂಜಪ್ಪ ಸಾರ್. ಅವರಿಗೆ ಬದುಕಿನಲ್ಲಿ ಎರಡು ವಿಷಯ ಖಚಿತವಾಗಿ ಗೊತ್ತಿತ್ತು. ಡ್ರೈವರ್ ಸುಳ್ಳು ಹೇಳುತ್ತಾನೆ, ಮೆಷಿನ್ನು ಸುಳ್ಳು ಹೇಳುವುದಿಲ್ಲ. ಈ ಎರಡರ ಮೇಲೆ ಇಪ್ಪತ್ತು ವರ್ಷ ಆಡಳಿತ ನಡೆಸಿದರು.

ಒಂದು ಬೇಸಿಗೆಯಲ್ಲಿ ಸಾಲುಸಾಲಾಗಿ ಟಿಪ್ಪರ್‌ಗಳು ಕುಣಿಗಲ್ ರಸ್ತೆಯಲ್ಲಿ ಲೋಡಿನ ಸಮೇತ ನಿಲ್ಲತೊಡಗಿದವು. ಕಾರಣ ಡೀಸೆಲ್ಲಿನ ಕಸ. ಟ್ಯಾಂಕಿನಿಂದ ಪಂಪು ಎಳೆದ ಡೀಸೆಲ್ ಫಿಲ್ಟರ್ ದಾಟಿ ಇಂಜಿನ್ನಿಗೆ ಹೋಗಬೇಕು. ಫಿಲ್ಟರ್ ಕಟ್ಟಿಕೊಂಡರೆ ಆಚೆ ಕಡೆ ಒತ್ತಡ ಬೀಳುತ್ತದೆ, ಇಂಜಿನ್ನಿಗೆ ಉಪವಾಸ. ಒತ್ತಡ ಬೀಳುವುದು ಮೊದಲೇ ಗೊತ್ತಾದರೆ ಫಿಲ್ಟರ್ ಬದಲಾಯಿಸಬಹುದು. ಅದಕ್ಕೆ ಶಿವನಂಜಪ್ಪ ಸಾರ್ ಹನ್ನೆರಡು ಪ್ರೆಷರ್ ಗೇಜ್ ತರಿಸಿ, ಇಂಜಿನ್ ಮೇಲಿದ್ದ ಫಿಲ್ಟರಿಗೇ ನೇರವಾಗಿ ತಿರುಪಿಸಲು ಹೇಳಿದರು. ತಿರುಪಿಸಿದೆ.

ಒಂದು ತಿಂಗಳಲ್ಲಿ ಹನ್ನೆರಡೂ ಸತ್ತವು. ಬಿಚ್ಚಿ ನೋಡಿದರೆ ಒಳಗೆಲ್ಲ ಅರಿಶಿನ ಚೆಲ್ಲಿದಂತೆ ಹಿತ್ತಾಳೆಯ ಪುಡಿ. ಗೇಜಿನ ಹೊಟ್ಟೆಯಲ್ಲಿರುವುದು ಕುಡುಗೋಲಿನಂತೆ ಬಾಗಿದ ಒಂದು ತೆಳು ಹಿತ್ತಾಳೆ ಕೊಳವೆ. ಡೀಸೆಲ್ ಒತ್ತಿದರೆ ಅದು ಕೂದಲೆಳೆಯಷ್ಟು ನೆಟ್ಟಗಾಗುತ್ತದೆ. ಆ ಕೂದಲೆಳೆಯನ್ನು ಪುಟಾಣಿ ಹಲ್ಲಿನ ಚಕ್ರ ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತದೆ. ಹಲ್ಲುಗಳೋ ರಾಗಿ ಕಾಳಿಗಿಂತ ಸಣ್ಣವು. ಇಂಥದ್ದನ್ನು ತಗೊಂಡು ಹೋಗಿ ಗಡಗಡ ನಡುಗುವ ಇಂಜಿನ್ನಿನ ತಲೆ ಮೇಲೆ ಕೂರಿಸಿದರೆ ಹಲ್ಲು ಹಲ್ಲನ್ನೇ ತಿಂದು ಹಾಕುತ್ತದೆ.

"ಡ್ರೈವರ್‌ಗಳು ಸ್ಪ್ಯಾನರಲ್ಲಿ ಹೊಡ್ದವ್ರೆ ಕಣ್ರೀ ಜಯಮ್ಮ," ಎಂದರು ಶಿವನಂಜಪ್ಪ ಸಾರ್.

"ಗಾಜು ಒಡೆದಿಲ್ಲವಲ್ಲ ಸಾರ್?"

"ಗಾಜು ಒಡೀದಂಗೆ ಹೊಡೆಯೋದು ಅವ್ರಿಗೆ ಗೊತ್ತು."

ಮತ್ತೆ ಹನ್ನೆರಡು ಗೇಜು ಬಂದವು. ಅವೂ ಸತ್ತವು. ಆಗ ನಾನು ಬುದ್ಧಿವಂತಳಾದೆ. ಗೇಜನ್ನು ಇಂಜಿನ್ನಿನಿಂದ ದೂರ ಇಟ್ಟರೆ ನಡುಕವೇ ತಾಗುವುದಿಲ್ಲವಲ್ಲ ಎಂದು ಫಿಲ್ಟರಿನಿಂದ ಒಂದು ರಬ್ಬರ್ ಪೈಪು ಎಳೆದು, ಕ್ಯಾಬಿನ್ ಒಳಗೆ ಸ್ಟೀರಿಂಗ್ ಪಕ್ಕದಲ್ಲಿ ಗೇಜು ಕೂರಿಸಿದೆ. ಮೊದಲ ಪ್ರಯೋಗ ರಂಗಶಾಮಣ್ಣನ ಗಾಡಿಯ ಮೇಲೆ.

ರಂಗಶಾಮಣ್ಣ ಚೇಳೂರಿನವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ಹನ್ನೆರಡು ಡ್ರೈವರ್‌ಗಳಲ್ಲಿ ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವನು ಅವನೊಬ್ಬನೇ. ಆ ದಿನ ಗುಬ್ಬಿಯಲ್ಲಿ ಲೋಡ್ ಸುರಿದು ಅಲ್ಲಿಂದಲೇ ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಹೋಗುವವನಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ. ನನ್ನ ರಬ್ಬರ್ ಪೈಪು ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಹೆಗ್ಗೆರೆ ದಾಟುವ ಹೊತ್ತಿಗೆ ಸೀಳಿತು. ಡೀಸೆಲ್ ಪಿಚಕಾರಿಯಂತೆ ಚಿಮ್ಮಿ ಅವನನ್ನು ಎದೆಯಿಂದ ಮಂಡಿಯವರೆಗೆ ತೋಯಿಸಿತು.

ಸಂಜೆ ಗಾಡಿ ತಂದು ನಿಲ್ಲಿಸಿ ಸೀದಾ ನನ್ನ ಬೆಂಚಿನ ಮುಂದೆ ಬಂದು ನಿಂತ. ಅವನು ಬರುವ ಮೊದಲೇ ವಾಸನೆ ಬಂದಿತ್ತು.

"ಏನ್ ಮೀಟ್ರಮ್ಮ, ಬಾಯಲ್ಲಿ ಬೀಡಿ ಇದ್ದಿದ್ರೆ ನಾನೇ ಊದುಬತ್ತಿ ಆಗೋಗ್ತಿದ್ದೆ. ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯೋರು ಮೂಗು ಮುಚ್ಕೊಂಡ್ ಊಟ ಮಾಡುದ್ರು, ಗೊತ್ತಾ?"

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಆಮೇಲೆ ಒಬ್ಬಳೇ ಕೂತು ಯೋಚಿಸಿದಾಗ ಅದು ತಮಾಷೆಯ ಮಾತಲ್ಲ ಎಂದು ಹೊಳೆಯಿತು. ಬೀಡಿ ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅವತ್ತು ಶರ್ಟು ಕೊಳೆಯಾದೀತೆಂದು ಹಚ್ಚಿರಲಿಲ್ಲ, ಅಷ್ಟೇ. ಡೀಸೆಲ್ ತುಂಬಿದ ಪೈಪನ್ನು ಮನುಷ್ಯ ಕೂರುವ ಜಾಗಕ್ಕೆ ಒಯ್ಯಬೇಡಿ. ಈಗ ನಿಮಗೆ ಸೆನ್ಸರ್ ಇದೆ, ಒಳಗೆ ವೈರು ಬಂದರೆ ಸಾಕು, ಪುಣ್ಯವಂತರು. ಆದರೂ ಆ ಸೆನ್ಸರನ್ನು ಇಂಜಿನ್ನಿಗೇ ಬಿಗಿದರೆ ಅದರ ಪಿನ್ನುಗಳೂ ನಡುಗಿ ಸಡಿಲವಾಗುತ್ತವೆ. ನಡುಕಕ್ಕೆ ಹಳೇದು ಹೊಸದು ಎಂಬ ಭೇದವಿಲ್ಲ.

ಅಲ್ಲಿಂದಾಚೆ ಗೇಜನ್ನು ಮುಂಗಾಜಿನ ಹೊರಗೆ, ಬಾನೆಟ್ಟಿನ ಹಿಂದೆ ಕೂರಿಸತೊಡಗಿದೆ. ಡ್ರೈವರಿಗೆ ಗಾಜಿನೊಳಗಿಂದ ಕಾಣುತ್ತದೆ, ರಬ್ಬರ್ ಪೈಪು ಸೀಳಿದರೂ ಡೀಸೆಲ್ ಹೊರಗೇ ಬೀಳುತ್ತದೆ. ಗ್ಲಿಸರಿನ್ ತುಂಬಿದ ಗೇಜುಗಳು ಸಿಗುತ್ತವೆಂದು ತಿಳಿದು ಆರು ತರಿಸಿದೆ. ಗೇಜಿನೊಳಗೆ ದಪ್ಪಗೆ ಗ್ಲಿಸರಿನ್ ಇದ್ದರೆ ಮುಳ್ಳು ನಡುಗಲು ಹೋದರೂ ಅದು ಹಿಡಿದುಕೊಳ್ಳುತ್ತದೆ, ಹಲ್ಲುಗಳಿಗೂ ಎಣ್ಣೆ ಹಚ್ಚಿದಂತೆ. ಅವನ್ನು ನಮ್ಮ ಕುಣಿಗಲ್ ಯಾರ್ಡಿನಲ್ಲಿದ್ದ ಗಾಡಿಗಳಿಗೆ ಹಾಕಬೇಕೆಂದು ಕಳಿಸಿ, ಎರಡು ದಿನ ಬಿಟ್ಟು ನಾನೂ ಬಸ್ಸು ಹತ್ತಿ ಹೋದೆ. ಶಿವನಂಜಪ್ಪ ಸಾರ್ ನನಗಿಂತ ಮುಂಚೆ ಬಂದು ಕೂತಿದ್ದರು, ಮುಖದಲ್ಲಿ ಗೆಲುವು.

"ನೀವು ಆರ್ಡರ್ ಮಾಡಿದ ಮಾಲು ನೋಡ್ರೀ. ಆರಕ್ಕೆ ಆರರಲ್ಲೂ ನೀರು ಸೇರ್ಕೊಂಡಿತ್ತು. ನಾನೇ ಕೂತು ಒಂದೊಂದಾಗಿ ಬಗ್ಗಿಸಿ ಖಾಲಿ ಮಾಡಿಸ್ದೆ, ಬಿಸಿಲಿಗೆ ಒಣಗಿಸಿದೀನಿ."

"ಸಾರ್, ಅದು ನೀರಲ್ಲ. ಗ್ಲಿಸರಿನ್. ಬೇಕೂಂತಲೇ ತುಂಬಿರೋದು."

ಅವರು ಎರಡು ಅಂಗೈಗಳನ್ನೂ ಎತ್ತಿ ನೋಡಿಕೊಂಡರು. "ಅದಕ್ಕೇನಾ ಕೈ ಇಷ್ಟ್ ನುಣ್ಣಗಾಗಿರೋದು?" ಎಂದರು.

ಅವರನ್ನು ನಾನು ಎಷ್ಟು ಬೈದುಕೊಂಡಿದ್ದರೂ ಆ ಒಂದು ಮಾತಿಗಾಗಿ ಅರ್ಧ ಕ್ಷಮಿಸಿದ್ದೇನೆ. ಔಷಧಿ ಅಂಗಡಿಯಿಂದ ಗ್ಲಿಸರಿನ್ ತಂದು ಸಿರಿಂಜಿನಲ್ಲಿ ಮತ್ತೆ ತುಂಬಿದೆ. ಅಂಗಡಿಯವನು "ಇಷ್ಟೊಂದ್ ಹಿಮ್ಮಡಿ ಒಡೆದಿದೆಯಾ ಅಮ್ಮಾ?" ಎಂದು ಮರುಗಿದ.

ಗ್ಲಿಸರಿನ್ ತುಂಬಿದ ಮೇಲೂ ಮುಳ್ಳು ನಡುಗುವುದು ಪೂರ್ತಿ ನಿಲ್ಲಲಿಲ್ಲ. ನೋಡಿ, ಕಾಯಿಲೆ ಎರಡಿದ್ದವು, ನಾನು ಒಂದೇ ಎಂದುಕೊಂಡಿದ್ದೆ. ಇಂಜಿನ್ನು ಹೊರಗಿನಿಂದ ನಡುಗಿಸುವುದು ಒಂದು. ಪಂಪು ಒಂದೊಂದು ಗುಟುಕಾಗಿ ಡೀಸೆಲ್ ದೂಡುವುದರಿಂದ ಪೈಪಿನೊಳಗೇ ಬರುವ ಬಡಿತ ಇನ್ನೊಂದು. ಹೊರಗಿನದಕ್ಕೆ ರಬ್ಬರ್, ಗ್ಲಿಸರಿನ್ ಸಾಕು. ಒಳಗಿನದಕ್ಕೆ ಗೇಜಿನ ಬಾಯಿ ಕಿರಿದು ಮಾಡಬೇಕು. ಸಣ್ಣ ತೂತಿನ ಒಂದು ಹಿತ್ತಾಳೆ ಬಿರಡೆ ಹಾಕಿದರೆ ಒತ್ತಡ ನಿಧಾನ ಒಳಗೆ ಹೋಗುತ್ತದೆ, ಗುಟುಕು ತಟ್ಟುವುದಿಲ್ಲ.

ಬಿರಡೆ ಕಡೆದುಕೊಟ್ಟವನು ಶಿರಾ ಗೇಟಿನಲ್ಲಿ ಲೇತ್ ಇಟ್ಟಿದ್ದ ಖಲೀಲಣ್ಣ. ಮೊದಲ ಬಿರಡೆಯಲ್ಲಿ ಮುಳ್ಳು ಸ್ವಲ್ಪವೇ ಸ್ವಲ್ಪ ಮಿಡಿಯುತ್ತಿತ್ತು. ಸಾಕಾಗಿತ್ತು. ಆದರೆ ಶಿವನಂಜಪ್ಪ ಸಾರ್ ಕಣ್ಣು ಕಿರಿದು ಮಾಡಿ "ಇನ್ನೂ ಅಲ್ಲಾಡ್ತಾ ಇದೆಯಲ್ರೀ" ಎಂದರು. ನನಗೂ ಹಟ ಬಂತು. ಇನ್ನೂ ಸಣ್ಣ ತೂತು ಬೇಕೆಂದು ಖಲೀಲಣ್ಣನ ಮುಂದೆ ನಿಂತೆ.

"ಬೇಡ ಜಯಮ್ಮ. ಇದ್ರಲ್ಲಿ ಸೂಜಿ ತುದೀನೂ ಹೋಗಲ್ಲ. ಕಸ ಸಿಕ್ಕೊಂಡ್ರೆ ಮುಚ್ಕೊಂಡ್ಬಿಡ್ತದೆ."

"ಮೀಟರ್ ನನ್ನ ಕೆಲಸ ಖಲೀಲಣ್ಣ. ನೀನು ತೂತು ಕೊರೆ."

ಕೊರೆದುಕೊಟ್ಟ. ಉಳಿದ ಆರಕ್ಕೂ ಗ್ಲಿಸರಿನ್ ಗೇಜು ತರಿಸಿ, ಹನ್ನೆರಡೂ ಗಾಡಿಗೆ ಬಿರಡೆ ಹಾಕಿದೆ. ಮುಳ್ಳುಗಳು ಗೋಡೆಗೆ ಮೊಳೆ ಹೊಡೆದಂತೆ ನಿಂತವು. ಮಾಲೀಕರು ಬಂದು ನೋಡಿ ಶಿವನಂಜಪ್ಪ ಸಾರ್ ಬೆನ್ನು ತಟ್ಟಿದರು, ಅವರು ಅದರಲ್ಲಿ ಒಂದು ತಟ್ಟನ್ನು ನನಗೂ ದಾಟಿಸಿದರು. ನಾನು ಮೂರು ವಾರ ನೆಲದ ಮೇಲೆ ನಡೆಯಲಿಲ್ಲ.

ಆಗ ರಂಗಶಾಮಣ್ಣ ಬಂದು ಹೇಳಿದ. "ಗಾಡಿ ಎಳೀತಿಲ್ಲ ಸಾರ್. ಏರಲ್ಲಿ ಉಸಿರು ಕಟ್ತೈತೆ. ಫಿಲ್ಟರ್ ನೋಡ್ಸಿ."

ಶಿವನಂಜಪ್ಪ ಸಾರ್ ಬಗ್ಗಿ ಗೇಜು ನೋಡಿದರು. "ಪ್ರೆಷರ್ ಫುಲ್ ಇದೆಯಲ್ಲಯ್ಯಾ. ಗೇಜ್ ಸುಳ್ಳು ಹೇಳುತ್ತಾ, ನೀನು ಹೇಳ್ತೀಯಾ?"

"ಗೇಜಿನ್ ಮಾತು ನಂಗೊತ್ತಿಲ್ಲ. ಇಂಜಿನ್ ಮಾತು ಹೇಳ್ತಾವ್ನಿ."

"ಜಯಮ್ಮ, ನೀವೇನಂತೀರಿ?"

ಈಗ ಇಲ್ಲಿ ನಾನು ಏನಂದೆ ಎಂಬುದನ್ನು ಸರಿಯಾಗಿ ಓದಿಕೊಳ್ಳಿ. "ಗೇಜು ಸರಿಯಾಗಿಯೇ ಇದೆ ಸಾರ್," ಎಂದೆ. ಬಿಚ್ಚಿ ನೋಡದೆ ಅಂದೆ. ರಂಗಶಾಮಣ್ಣ ನನ್ನ ಮುಖ ಒಂದು ಗಳಿಗೆ ನೋಡಿ, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗಿ ಗಾಡಿ ಹತ್ತಿದ.

ಮಾರನೆಯ ಬೆಳಗ್ಗೆ ಗುಬ್ಬಿ ಕಡೆಯ ಒಂದು ರೈಲ್ವೆ ಗೇಟಿನಲ್ಲಿ ರಂಗಶಾಮಣ್ಣನ ಜಲ್ಲಿ ಲೋಡಿನ ಟಿಪ್ಪರ್ ಹಳಿಗಳ ಮೇಲೆಯೇ ಉಸಿರು ಬಿಟ್ಟಿತು. ಮುಂದಿನ ಚಕ್ರ ಹಳಿ ದಾಟಿದೆ, ಹಿಂದಿನ ಚಕ್ರ ಹಳಿಯ ನಡುವೆ. ಹಿಂದೆ ಬಸ್ಸು, ಅದರ ಹಿಂದೆ ಟ್ರಾಕ್ಟರು. ಗೇಟಿನವನು ಹಸಿರು ಕೆಂಪು ಎರಡೂ ಬಾವುಟ ಹಿಡಿದು ಓಡಿ ಬಂದು ಅರಚುತ್ತಿದ್ದಾನೆ. ಗೇಟು ಮುಚ್ಚದೆ ರೈಲಿಗೆ ಸಿಗ್ನಲ್ ಸಿಗುವುದಿಲ್ಲವಂತೆ, ಇದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ರಂಗಶಾಮಣ್ಣನಿಗೆ ಗೊತ್ತಿರಲಿಲ್ಲ. ಬಸ್ಸಿನ ಜನ ಕೆಳಗಿಳಿದು "ಎಗರ್ಕೊಳ್ಳೋ, ಎಗರ್ಕೊಳ್ಳೋ" ಎಂದು ಕೂಗುತ್ತಿದ್ದರಂತೆ. ಅವನು ಎಗರಲಿಲ್ಲ. ಮೊದಲ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು, ಬರೀ ಸ್ಟಾರ್ಟರ್ ಒತ್ತಿದ. ಇಂಜಿನ್ ಹೊತ್ತಿಕೊಳ್ಳಲಿಲ್ಲ, ಆದರೆ ಸ್ಟಾರ್ಟರ್ ಮೋಟಾರಿನ ಬಲಕ್ಕೆ ಗಾಡಿ ಒಂದು ಗೇಣು ಕುಪ್ಪಳಿಸಿತು. ಮತ್ತೆ ಒತ್ತಿದ. ಮತ್ತೆ ಗೇಣು. ಬ್ಯಾಟರಿ ಸಾಯುವ ಹೊತ್ತಿಗೆ ಹಿಂದಿನ ಚಕ್ರ ಹಳಿಯಿಂದ ಆಚೆ ಬಂದಿತ್ತು.

ಫೋನು ಬಂದು ನಾನೂ ಶಿವನಂಜಪ್ಪ ಸಾರೂ ಜೀಪಿನಲ್ಲಿ ಹೋದೆವು. ರಂಗಶಾಮಣ್ಣ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದ. ಗೇಟಿನವನು ಅವನಿಗೆ ನೀರು ಕುಡಿಸುತ್ತಿದ್ದ. ನಾನು ಗಾಡಿಯ ಮುಂದೆ ಹೋಗಿ ನಿಂತೆ. ಇಂಜಿನ್ ಸತ್ತು ಒಂದು ಗಂಟೆಗೂ ಮೇಲಾಗಿತ್ತು. ಗೇಜಿನ ಮುಳ್ಳು ಮಾತ್ರ ಪೂರ್ತಿ ಒತ್ತಡ ತೋರಿಸುತ್ತ, ಒಂದಿಷ್ಟೂ ಅಲ್ಲಾಡದೆ ನಿಂತಿತ್ತು.

ಬಿರಡೆ ಬಿಚ್ಚಿದೆ. ಆ ಸೂಜಿ ತೂತಿನಲ್ಲಿ ನನ್ನದೇ ರಬ್ಬರ್ ಪೈಪಿನ ಒಂದು ಚೂರು ಕೂತಿತ್ತು. ಎಂದೋ ಬಂದ ಒತ್ತಡ ಗೇಜಿನೊಳಗೇ ಸೆರೆಯಾಗಿತ್ತು. ಆಮೇಲೆ ಫಿಲ್ಟರ್ ಕಟ್ಟಿಕೊಂಡರೂ, ಇಂಜಿನ್ ಉಪವಾಸ ಬಿದ್ದರೂ ಅದಕ್ಕೆ ಸುದ್ದಿಯೇ ಇಲ್ಲ. ಬಿರಡೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ.

ಶಿವನಂಜಪ್ಪ ಸಾರ್ ಚಾಲಕನ ನಿರ್ಲಕ್ಷ್ಯ ಎಂದು ರಿಪೋರ್ಟು ಬರೆದರು. ಗೇಜು ಸರಿಯಿತ್ತೆಂದು ಕೆಳಗೆ ನನ್ನ ಸಹಿ. ಹಾಕಿದೆ. ರಂಗಶಾಮಣ್ಣನನ್ನು ಮನೆಗೆ ಕಳಿಸಿದರು. ಅವನು ಜಗಳ ಆಡಲಿಲ್ಲ. ಸೀಟಿನ ಕೆಳಗಿದ್ದ ದಿಂಬು, ಊಟದ ಕ್ಯಾರಿಯರ್ ತಗೊಂಡು ಹೋದ. ಮೂರು ದಿನ ನಾನು ಅನ್ನ ತಿಂದೆ, ನಿದ್ದೆಯನ್ನೂ ಮಾಡಿದೆ. ಪಶ್ಚಾತ್ತಾಪದಿಂದ ಕೊರಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಇತ್ತು, ಅಷ್ಟೇ.

ನಾಲ್ಕನೆಯ ದಿನ ದೊಡ್ಡ ತೂತಿನ ಹೊಸ ಬಿರಡೆ ಮಾಡಿಸಲು ಖಲೀಲಣ್ಣನ ಹತ್ತಿರ ಹೋದೆ. ಹಳೆಯದನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. "ಹೇಳಿದ್ದೆನಲ್ಲ" ಅನ್ನಲಿಲ್ಲ.

"ಡ್ರೈವರ್ ಏನಾದ?" ಎಂದು ಕೇಳಿದ.

"ಮನೆಗೆ ಕಳಿಸಿದಾರೆ."

ಖಲೀಲಣ್ಣ ಲೇತ್ ಆಫ್ ಮಾಡಿದ. "ತೂತು ನಂದು, ಅಳತೆ ನಿಂದು. ನಡುವೆ ಆ ಮನುಷ್ಯಂದೇನು ಜಯಮ್ಮ?"

ವರ್ಕ್‌ಶಾಪಿಗೆ ವಾಪಸು ಬಂದವಳೇ ಎರಡನೆಯ ರಿಪೋರ್ಟು ಬರೆದೆ. ಬಿರಡೆಯ ಅಳತೆ ನನ್ನದು, ಲೇತಿನವನು ಬೇಡವೆಂದರೂ ಮಾಡಿಸಿದ್ದು ನಾನು, ಮೊದಲ ರಿಪೋರ್ಟಿನಲ್ಲಿ ಸುಳ್ಳು ಸಹಿ ಹಾಕಿದ್ದೂ ನಾನು. ಶಿವನಂಜಪ್ಪ ಸಾರ್ ಓದಿ ಕನ್ನಡಕ ತೆಗೆದರು.

"ನಿಮ್ಮ ಕಾಲ್ ಮೇಲೆ ನೀವೇ ಚಪ್ಪಡಿ ಎಳ್ಕೊಳ್ತಿದೀರ ಕಣ್ರೀ."

"ಈಗ ಅದು ರಂಗಶಾಮಣ್ಣನ ಕಾಲ ಮೇಲಿದೆ ಸಾರ್."

"ನನ್ನ ಕಾಲ್ ಮೇಲೂ ಬೀಳುತ್ತಲ್ರೀ!"

ಬಿತ್ತು. ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಬೈದರು. ಹನ್ನೆರಡು ಗಾಡಿಯ ಗೇಜನ್ನೂ ಸರಿಮಾಡಿ ಮುಗಿಸಿದ ಮೇಲೆ ನಾನು ಆರು ತಿಂಗಳು ಟೈರ್ ಗೋಡೌನಿನಲ್ಲಿ ಇರಬೇಕೆಂದು ತೀರ್ಪಾಯಿತು. ಟೈರ್‌ಗಳ ಜೊತೆಗಿನ ಆ ಆರು ತಿಂಗಳು ನನ್ನ ಸರ್ವೀಸಿನಲ್ಲೇ ನೆಮ್ಮದಿಯ ಕಾಲ. ಅವು ಏನನ್ನೂ ತೋರಿಸುವುದಿಲ್ಲ, ಹಾಗಾಗಿ ಸುಳ್ಳೂ ಹೇಳುವುದಿಲ್ಲ.

ರಂಗಶಾಮಣ್ಣನಿಗೆ ವಾಪಸು ಬರಲು ಹೇಳಿ ಕಳಿಸಿದರು. ಅವನು ಬರಲಿಲ್ಲ. ಗೇಜಿನ ಕೆಲಸವೆಲ್ಲ ಮುಗಿಸಿ, ಒಂದು ಭಾನುವಾರ ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ನಾನೇ ಚೇಳೂರಿಗೆ ಹೋದೆ. ಬಾಗಿಲಲ್ಲಿ ಅವನ ಹೆಂಡತಿ ಸಿಕ್ಕಳು. ಮೇಲಿಂದ ಕೆಳಗೆ ನೋಡಿದಳು.

"ನೀನೇನಾ ನಮ್ಮನೇರ ಬಿಳೀ ಶರ್ಟ್ ಹಾಳ್ ಮಾಡ್ದೋಳು?"

"ಹೂಂ ಅಕ್ಕ."

"ಕೆಲ್ಸ ಕಳ್ದೋಳೂ ನೀನೇಯಾ?"

"ಹೂಂ."

"ಒಳಿಕ್ ಬಾ, ಕಾಫಿ ಕುಡಿ," ಎಂದಳು. ಕುಡಿದು ಲೋಟ ತೊಳೆದಿಟ್ಟೆ.

ರಂಗಶಾಮಣ್ಣ ಹಿತ್ತಲಲ್ಲಿ ಪಕ್ಕದವರ ಟಿಲ್ಲರ್ ಬಿಚ್ಚಿಕೊಂಡು ಕೂತಿದ್ದ. ನಾನು ಎಲ್ಲ ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ಹಳಿ ಮೇಲೆ ನಿಂತಿದ್ನಲ್ಲ ಮೀಟ್ರಮ್ಮ, ಆವಾಗ್ಲೂ ನಾನು ಆ ಮುಳ್ಳೇ ನೋಡ್ತಿದ್ದೆ. ಸರಿ ತೋರುಸ್ತಿತ್ತು. ನನ್ ಕಿವಿಯೇ ಕೆಟ್ಟೋಯ್ತೇನೋ ಅಂದ್ಕೊಂಡೆ. ಇಪ್ಪತ್ತೈದ್ ವರ್ಷದಿಂದ ನಂಬಿದ್ ಕಿವಿ." ಕೈ ಒರೆಸಿದ ಬಟ್ಟೆಯನ್ನು ಟಿಲ್ಲರ್ ಮೇಲೆ ಹಾಕಿದ. "ಕರುದ್ರೂ ನಾನ್ ಬರ್ದಿದ್ದು ಕೆಲ್ಸ ಹೋಯ್ತೂ ಅಂತಲ್ಲ. ಕಿವಿ ಮೇಲೆ ನಂಬ್ಕೆ ಹೋಯ್ತಲ್ಲ, ಅದುಕ್ಕೆ."

ಕೊನೆಗೆ ಅವನೇ ಹೇಳಿದ, "ಬತ್ತೀನಿ. ಆದ್ರೆ ಮೊದಲ್ನೇ ಟ್ರಿಪ್ಪಿಗೆ ನೀನೂ ಪಕ್ಕದಲ್ ಕೂತ್ಕೋಬೇಕು."

ಹೆಂಗಸರನ್ನು ಟಿಪ್ಪರಿನಲ್ಲಿ ಕೂರಿಸಬಾರದೆಂದು ಶಿವನಂಜಪ್ಪ ಸಾರ್ ಅಡ್ಡ ಬಂದರು. ನಾನು ಸೀರೆ ಎತ್ತಿ ಸಿಕ್ಕಿಸಿ ಹತ್ತಿಬಿಟ್ಟೆ. ಇಷ್ಟು ವರ್ಷ ಆ ಗಾಡಿಗಳ ಮೀಟರ್ ಬಿಚ್ಚಿದವಳು ಒಮ್ಮೆಯಾದರೂ ಲೋಡಿನ ಗಾಡಿಯಲ್ಲಿ ಕೂತಿರಲಿಲ್ಲ. ಹತ್ತು ನಿಮಿಷಕ್ಕೆ ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯತೊಡಗಿದವು. ವರ್ಕ್‌ಶಾಪಿನಲ್ಲಿ ಖಾಲಿ ನಿಂತ ಗಾಡಿಯ ಮೇಲೆ ಅಂಗೈ ಇಟ್ಟು ನಡುಕ ಅಳೆದಿದ್ದೆನಲ್ಲ, ಅದು ಅಳತೆಯೇ ಅಲ್ಲ. ಹೊಸಬರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೇನೂ ನೆನಪಿಡದಿದ್ದರೂ ಅಡ್ಡಿಯಿಲ್ಲ, ಮೊದಲು ಹೋಗಿ ಲೋಡಿನ ಗಾಡಿಯಲ್ಲಿ ಕೂತು ಬನ್ನಿ.

ರೈಲ್ವೆ ಗೇಟು ತೆರೆದೇ ಇತ್ತು. ರಂಗಶಾಮಣ್ಣ ಹಳಿಗೆ ಇನ್ನೂ ದೂರವಿರುವಾಗಲೇ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಹಿಂದಿನ ಬಸ್ಸಿನವನು ಹಾರನ್ ಹೊಡೆದ.

"ಯಾಕಣ್ಣ?"

"ಸುಮ್ಕಿರು. ಮುಳ್ ನೋಡು."

ಮುಳ್ಳು ನಿಧಾನಕ್ಕೆ ಇಳಿಯಿತು. ನಾಲ್ಕೈದು ಎಣಿಸುವಷ್ಟರಲ್ಲಿ ಸೊನ್ನೆಗೆ ಬಂದು ಕೂತಿತು. ಅವನು ಮತ್ತೆ ಸ್ಟಾರ್ಟ್ ಮಾಡಿದ. ಮುಳ್ಳು ಏರಿತು, ಮೇಲೆ ಹೋಗಿ ಸಣ್ಣಗೆ ಮಿಡಿಯುತ್ತ ನಿಂತಿತು. ಅವನು ತಲೆಯನ್ನು ಸ್ವಲ್ಪ ವಾಲಿಸಿ ಇಂಜಿನ್ನಿಗೂ ಕಿವಿ ಕೊಟ್ಟ. ಬಸ್ಸಿನವನು ಈಗ ಕೆಟ್ಟ ಮಾತಿನಲ್ಲಿ ಬೈಯುತ್ತಿದ್ದ.

"ಇಬ್ರೂ ಒಂದೇ ಮಾತ್ ಹೇಳ್ತಾವ್ರೆ," ಎಂದು ರಂಗಶಾಮಣ್ಣ ಗೇರು ಹಾಕಿದ. ಹಳಿ ದಾಟುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅವನೂ ಹಿಡಿದಿದ್ದ.

ಕೆಲಸ ಬಿಡುವವರೆಗೂ ಅವನು ಆ ಗೇಟಿಗೆ ಮೊದಲೇ ಹಾಗೆ ನಿಲ್ಲಿಸಿ, ಆಫ್ ಮಾಡಿ, ಮುಳ್ಳು ಸೊನ್ನೆಗೆ ಬರುವುದನ್ನು ನೋಡಿಯೇ ಮುಂದೆ ಹೋಗುತ್ತಿದ್ದ. ಗುಬ್ಬಿ ಬಸ್ಸಿನ ಡ್ರೈವರ್‌ಗಳೆಲ್ಲ ಅದಕ್ಕೆ ಅವನನ್ನು ಬೈಯುತ್ತಿದ್ದರು. ನನ್ನ ಗೇಜನ್ನು ಅವನು ಮತ್ತೆಂದೂ ಸುಮ್ಮನೆ ನಂಬಲಿಲ್ಲ. ಬೇಜಾರಾಯಿತೇ ಎಂದು ಶಿವನಂಜಪ್ಪ ಸಾರ್ ಒಮ್ಮೆ ಕೇಳಿದರು. ಇಲ್ಲ ಸಾರ್, ಅವನು ಆಫ್ ಮಾಡದೆ ದಾಟಿದ ದಿನ ನನಗೆ ಹೇಳಿ ಕಳಿಸಿ, ಆಗ ಬೇಜಾರು ಮಾಡಿಕೊಳ್ಳುತ್ತೇನೆ ಎಂದೆ. ಅಂಥ ದಿನ ಬರಲಿಲ್ಲ.